ಬಿಂದುವಿನಿಂದಲೇ ಶುರು ಮಾಡಬೇಕೇ?

ಈ ಸಲದ ಬೋಧನಾಭ್ಯಾಸದಲ್ಲಿ ನನ್ನ ಪಾಲಿಗೆ ಬಂದದ್ದು ಆರನೆಯ ತರಗತಿಯ ರೇಖಾಗಣಿತದ ಮೊದಲ ಪಾಠ. ಪಾಠಯೋಜನೆಯನ್ನು ಎರಡು ದಿನ ಮೊದಲೇ ತೋರಿಸಿ ಸಹಿ ಹಾಕಿಸಿಕೊಂಡಿದ್ದೆ. ಪೆನ್ಸಿಲನ್ನು ಚೂಪು ಮಾಡಿ ಹಾಳೆಯ ಮೇಲೆ ಚುಕ್ಕೆ ಇಡಿಸುವುದು, ಇನ್ನೂ ಚೂಪು ಮಾಡಿ ಇನ್ನೂ ಸಣ್ಣ ಚುಕ್ಕೆ ಇಡಿಸುವುದು, ಅಲ್ಲಿಂದ ಬಿಂದುವಿನ ಕಲ್ಪನೆಗೆ ಬರುವುದು. ಎಲ್ಲವೂ ಯೋಜನೆಯಂತೆಯೇ ನಡೆಯಿತು. "ಬಿಂದುವಿಗೆ ಉದ್ದ, ಅಗಲ, ದಪ್ಪ ಇಲ್ಲ, ಸ್ಥಾನ ಮಾತ್ರ ಇದೆ" ಎಂದು ಕಪ್ಪುಹಲಗೆಯ ಮೇಲೆ ಬರೆದೆ. ಅದರ ಕೆಳಗೆ, "ಬಿಂದುಗಳು ಒತ್ತೊತ್ತಾಗಿ ಸೇರಿದರೆ ರೇಖೆ" ಎಂದು ಬರೆದೆ.

ಎರಡನೆಯ ಸಾಲಿನ ಹುಡುಗಿಯೊಬ್ಬಳು ಕೈ ಎತ್ತಿದಳು. "ಮಿಸ್, ಒಂದು ಬಿಂದುಗೆ ಉದ್ದಾನೇ ಇಲ್ಲ ಅಂದ್ರೆ, ಎಷ್ಟು ಸೇರಿಸಿದ್ರೂ ಉದ್ದ ಎಲ್ಲಿಂದ ಬರುತ್ತೆ?"

"ಲೆಕ್ಕವಿಲ್ಲದಷ್ಟು ಸೇರಿಸಿದರೆ ಬರುತ್ತೆ" ಎಂದೆ.

"ಸೊನ್ನೆಗೆ ಸೊನ್ನೆ ಎಷ್ಟು ಸಲ ಕೂಡಿದ್ರೂ ಸೊನ್ನೇನೇ ಅಂತ ಹೋದ ವಾರ ನೀವೇ ಹೇಳಿದ್ರಿ ಮಿಸ್."

ಹೇಳಿದ್ದು ನಿಜ. ಪಾಠಯೋಜನೆಯಲ್ಲಿ ಇದಕ್ಕೆ ಜಾಗವಿರಲಿಲ್ಲ, ಹಿಂದಿನ ಬೆಂಚಿನಲ್ಲಿ ವೀಕ್ಷಕರು ಕುಳಿತಿದ್ದರು, ಹದಿನೈದು ನಿಮಿಷ ಮಾತ್ರ ಉಳಿದಿತ್ತು. "ಅದನ್ನೆಲ್ಲ ದೊಡ್ಡ ಕ್ಲಾಸಿಗೆ ಹೋದಾಗ ಕಲೀತೀಯ, ಈಗ ಬರ್ಕೋ" ಎಂದೆ. ಅವಳು ಬರೆದುಕೊಂಡಳು. ಆ ವಾರವೆಲ್ಲ ಮತ್ತೆ ಕೈ ಎತ್ತಲಿಲ್ಲ. ನನ್ನ ವೀಕ್ಷಣಾ ಪುಸ್ತಕದಲ್ಲಿ "ವಿಷಯ ಪ್ರಭುತ್ವ ಉತ್ತಮ, ತರಗತಿ ನಿರ್ವಹಣೆ ಉತ್ತಮ" ಎಂಬ ಷರಾ ಬಂತು.

ಆ ಷರಾ ನನಗೆ ಸಮಾಧಾನ ಕೊಡಲಿಲ್ಲ. ಏಕೆಂದರೆ ನಾನು ಹೇಳಿದ ಆ "ದೊಡ್ಡ ಕ್ಲಾಸ್"ಗಳನ್ನೆಲ್ಲ ನಾನೇ ಮುಗಿಸಿ ಬಂದವಳು. ಬಿ.ಎಸ್ಸಿ.ಯಲ್ಲಿ ಗಣಿತ ಓದಿದೆ, ಸರಳರೇಖೆಯೆಂದರೆ ಬಿಂದುಗಳ ಗಣ ಎಂದು ಪ್ರತಿ ಸೆಮಿಸ್ಟರಿನಲ್ಲೂ ಬರೆದೆ. ಆ ಹುಡುಗಿ ಕೇಳಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. ಕೇಳಿದ ಮೇಲೆ ಹುಡುಕುತ್ತ ಹೋದೆ. ಓದಿದ್ದರಿಂದ ಒಂದು ಅಭಿಪ್ರಾಯ ಗಟ್ಟಿಯಾಯಿತು: ರೇಖಾಗಣಿತವನ್ನು ಬಿಂದುವಿನಿಂದ ಶುರು ಮಾಡಬೇಕಾಗಿಲ್ಲ. ಬಿಂದು ಮೊದಲು ಬರಲೇಬೇಕು ಎಂಬುದು ಗಣಿತದ ಕಟ್ಟಳೆಯಲ್ಲ, ನಮ್ಮ ರೂಢಿ. ಮಕ್ಕಳ ಮುಂದೆ ಅದು ಕೊನೆಯಲ್ಲಿ ಬಂದರೆ ಒಳ್ಳೆಯದು.

ನಾವೆಲ್ಲ ಬೋಧನಾ ವಿಧಾನದ ಪತ್ರಿಕೆಯಲ್ಲಿ ಬಾಯಿಪಾಠ ಮಾಡಿದ ಎರಡು ಸೂತ್ರಗಳಿವೆ: ಸರಳದಿಂದ ಸಂಕೀರ್ಣಕ್ಕೆ, ಮೂರ್ತದಿಂದ ಅಮೂರ್ತಕ್ಕೆ. ಪರೀಕ್ಷೆಯಲ್ಲಿ ಇವೆರಡನ್ನೂ ಒಂದರ ಕೆಳಗೊಂದು ಬರೆಯುತ್ತೇವೆ. ಒಂದಕ್ಕೊಂದು ಎದುರಾಗಬಹುದೆಂದು ಯೋಚಿಸುವುದಿಲ್ಲ. ಬಿಂದುವಿನ ಪಾಠದಲ್ಲಿ ಅವು ನೇರವಾಗಿ ಎದುರಾಗುತ್ತವೆ. ಬಿಂದುವಿಗೆ ಭಾಗಗಳಿಲ್ಲವಾದ್ದರಿಂದ ಅದಕ್ಕಿಂತ ಸರಳವಾದದ್ದಿಲ್ಲ. ಕೈಗೂ ಕಣ್ಣಿಗೂ ಸಿಗದ ಕಾರಣ ಅದಕ್ಕಿಂತ ಅಮೂರ್ತವಾದದ್ದೂ ಇಲ್ಲ. ನಾವು ಮೊದಲ ಸೂತ್ರವನ್ನು ಹಿಡಿದು ಎರಡನೆಯದನ್ನು ಕೈಬಿಡುತ್ತೇವೆ. ಆಮೇಲೆ ಚೂಪಾದ ಪೆನ್ಸಿಲನ್ನು ತಂದು ಅಮೂರ್ತವಾದದ್ದಕ್ಕೆ ಮೂರ್ತ ವೇಷ ಹಾಕುತ್ತೇವೆ. ಪೆನ್ಸಿಲ್ ಎಷ್ಟೇ ಚೂಪಾದರೂ ಹಾಳೆಯ ಮೇಲಿರುವುದು ಸೀಸದ ಒಂದು ಸಣ್ಣ ಗುಡ್ಡೆಯೇ. ಬಿಂದು ಎಂಬ ನಮ್ಮ ಪದಕ್ಕೂ ಹನಿ ಎಂಬ ಅರ್ಥವಿದೆ. ಹನಿಗೆ ಗಾತ್ರವಿದೆ.

ಇದಕ್ಕೆ ಯೂಕ್ಲಿಡನ ಹೆಸರು ಹೇಳಿ ತಪ್ಪಿಸಿಕೊಳ್ಳುವಂತಿಲ್ಲ. ಕ್ರಿಸ್ತಪೂರ್ವ 300ರ ಸುಮಾರಿಗೆ ಅವನು ರಚಿಸಿದ 'ಎಲಿಮೆಂಟ್ಸ್' ಗ್ರಂಥದ ಮೊದಲ ವ್ಯಾಖ್ಯೆ ಬಿಂದುವಿನದೇ: ಭಾಗಗಳಿಲ್ಲದ್ದು ಬಿಂದು. ಆದರೆ ಅದರ ಮುಂದಿನ ವ್ಯಾಖ್ಯೆಗಳನ್ನೂ ನೋಡಬೇಕು. ರೇಖೆಯ ತುದಿಗಳು ಬಿಂದುಗಳು. ಮೇಲ್ಮೈಯ ಅಂಚುಗಳು ರೇಖೆಗಳು. ಹನ್ನೊಂದನೆಯ ಭಾಗಕ್ಕೆ ಹೋದರೆ, ಘನದ ಎಲ್ಲೆ ಮೇಲ್ಮೈ. ರೇಖೆಯು ಬಿಂದುಗಳಿಂದ ಆದದ್ದು ಎಂದು ಅವನು ಎಲ್ಲಿಯೂ ವ್ಯಾಖ್ಯಾನಿಸುವುದಿಲ್ಲ. ಈ ಎಲ್ಲೆಯ ಮಾತುಗಳನ್ನು ಹಿಂದಿನಿಂದ ಓದಿದರೆ ಘನ, ಮೇಲ್ಮೈ, ರೇಖೆ, ಬಿಂದು ಎಂಬ ಕ್ರಮ ಸಿಗುತ್ತದೆ. ನಮ್ಮ ಒಂಬತ್ತನೆಯ ತರಗತಿಯ ಪುಸ್ತಕ ಯೂಕ್ಲಿಡನ ಅಧ್ಯಾಯದಲ್ಲಿ ಇದೇ ಕ್ರಮವನ್ನು ಕೊಡುತ್ತದೆ: ಘನದಿಂದ ಬಿಂದುವಿಗೆ ಮೂರು ಹೆಜ್ಜೆ, ಪ್ರತಿ ಹೆಜ್ಜೆಗೂ ಒಂದು ಆಯಾಮ ಕಡಿಮೆ. ಆರನೆಯ ತರಗತಿಯಲ್ಲಿ ಉಪಯೋಗಕ್ಕೆ ಬರಬಹುದಾಗಿದ್ದ ಮಾತು ಮಗುವಿಗೆ ಸಿಗುವುದು ಮೂರು ವರ್ಷ ತಡವಾಗಿ.

ಆ ಹುಡುಗಿಯ ಪ್ರಶ್ನೆಯೂ ಹೊಸದಲ್ಲ. ಅರಿಸ್ಟಾಟಲ್ ತನ್ನ 'ಫಿಸಿಕ್ಸ್' ಗ್ರಂಥದ ಆರನೆಯ ಭಾಗದಲ್ಲಿ, ಅವಿಚ್ಛಿನ್ನವಾದ ರೇಖೆ ಭಾಗಗಳೇ ಇಲ್ಲದ ಬಿಂದುಗಳಿಂದ ಆಗಿರಲಾರದು ಎಂದು ವಾದಿಸಿದ. ರೇಖೆಯನ್ನು ಬಿಂದುಗಳ ಗಣವೆಂದು ನೋಡುವ ಪದ್ಧತಿ ಬೇರೂರಿದ್ದು 19ನೆಯ ಶತಮಾನದಲ್ಲಿ, ಡೆಡೆಕಿಂಡ್ ಮತ್ತು ಕ್ಯಾಂಟರ್ ಅವರ ಕೆಲಸದಿಂದ. ಅವರ ದಾರಿಯಲ್ಲಿ ಹುಡುಗಿಗೆ ಉತ್ತರವಿದೆ. ರೇಖೆಯ ಬಿಂದುಗಳನ್ನು ಒಂದು, ಎರಡು, ಮೂರು ಎಂದು ಪಟ್ಟಿ ಮಾಡಲಾಗದು ಎಂದು ಕ್ಯಾಂಟರ್ 1874ರಲ್ಲಿ ತೋರಿಸಿದ. ಪಟ್ಟಿಯೇ ಆಗದಿದ್ದ ಮೇಲೆ "ಸೊನ್ನೆಗೆ ಸೊನ್ನೆ ಕೂಡುತ್ತ ಹೋಗು" ಎಂಬ ಮಾತು ಅಲ್ಲಿ ಹೊಂದುವುದಿಲ್ಲ. ಉದ್ದವೆಂಬುದು ಬಿಂದುಗಳನ್ನು ಕೂಡಿ ಬಂದದ್ದಲ್ಲ, ತುಂಡುಗಳಿಗೆ ನಾವು ಕೊಟ್ಟ ಅಳತೆ. ಅಂದರೆ, "ಲೆಕ್ಕವಿಲ್ಲದಷ್ಟು ಸೇರಿಸಿದರೆ ಬರುತ್ತೆ" ಎಂಬ ನನ್ನ ಉತ್ತರ ಈ ದಾರಿಯಲ್ಲೂ ತಪ್ಪೇ.

ಇನ್ನೊಂದು ದಾರಿಯೂ ಇದೆ. ಅದನ್ನು ನಮ್ಮ ಪದವಿ ತರಗತಿಯಲ್ಲಿ ಯಾರೂ ಹೇಳಿರಲಿಲ್ಲ. ರಸೆಲ್ ಜೊತೆ 'ಪ್ರಿನ್ಸಿಪಿಯಾ ಮ್ಯಾಥಮ್ಯಾಟಿಕಾ' ಬರೆದ ವೈಟ್‌ಹೆಡ್, 1919 ಮತ್ತು 1920ರ ಎರಡು ಪುಸ್ತಕಗಳಲ್ಲಿ ಬಿಂದುವನ್ನು ಆರಂಭದಲ್ಲಿ ಇಟ್ಟುಕೊಳ್ಳದೆ, ಹರಹು ಉಳ್ಳ ವಸ್ತುಗಳಿಂದ ಅದನ್ನು ಪಡೆಯಲು ಹೊರಟ. ನಮ್ಮ ಅನುಭವಕ್ಕೆ ಬರುವುದು ಗಾತ್ರವಿರುವ ಪ್ರದೇಶಗಳು. ಒಂದರೊಳಗೆ ಒಂದು ಪ್ರದೇಶ, ಅದರೊಳಗೆ ಇನ್ನೊಂದು, ಹೀಗೆ ಕೊನೆಯಿಲ್ಲದೆ ಕಿರಿದಾಗುತ್ತ ಹೋಗುವ ಸಾಲನ್ನು ಊಹಿಸಿ. ಎಲ್ಲದರೊಳಗೂ ಇರುವ ಕೊನೆಯ ಪ್ರದೇಶ ಸಿಗುವುದೇ ಇಲ್ಲ. ವೈಟ್‌ಹೆಡ್ ಅದನ್ನು ಹುಡುಕುವುದಿಲ್ಲ. ಬಿಂದು ಎಂದು ನಾವು ಹೇಳುವುದು ಆ ಸಾಲು ಹೋಗುವ ರೀತಿಯನ್ನೇ ಎನ್ನುತ್ತಾನೆ. ವೃತ್ತಗಳ ಸಾಲೊಂದು, ಚೌಕಗಳ ಸಾಲೊಂದು ಒಂದೇ ಕಡೆಗೆ ಇಳಿಯುತ್ತಿದ್ದರೆ? ಪ್ರತಿ ವೃತ್ತದೊಳಗೂ ಯಾವುದೋ ಒಂದು ಚೌಕ, ಪ್ರತಿ ಚೌಕದೊಳಗೂ ಯಾವುದೋ ಒಂದು ವೃತ್ತ ಕೂರುತ್ತದೆ ಎಂದಾದರೆ ಎರಡೂ ಸಾಲು ಒಂದೇ ಬಿಂದುವನ್ನು ಹೇಳುತ್ತವೆ.

ಇದರಲ್ಲಿ ಒಂದು ತೊಡಕಿದೆ. ಬೇರೆ ಬೇರೆ ಅಳತೆಯ ಬಳೆಗಳನ್ನು ಗೋಡೆಯ ಮೊಳೆಗೆ ತೂಗುಹಾಕಿದರೆ ಒಂದರೊಳಗೊಂದು ಕಾಣುತ್ತವೆ, ಆದರೆ ಎಲ್ಲವೂ ಮೊಳೆಯ ಹತ್ತಿರ ಒಂದನ್ನೊಂದು ತಾಗಿರುತ್ತವೆ. ಇಂಥ ಸಾಲು ಮೊಳೆಯ ಕಡೆಗೇ ಇಳಿದರೂ, ಮೊಳೆಯನ್ನು ನಡುವಿನಲ್ಲಿಟ್ಟು ಇಳಿಯುವ ಸಾಲಿಗೆ ಸಮವಾಗುವುದಿಲ್ಲ. ಮೊಳೆ ಯಾವ ಬಳೆಯ ಒಳಗೂ ಇಲ್ಲ, ಎಲ್ಲದರ ಅಂಚಿನಲ್ಲಿದೆ. ಥಿಯೋಡೋರ್ ಡಿ ಲಗೂನ 1922ರಲ್ಲಿ ಘನವಸ್ತುಗಳು ಮತ್ತು ಅವುಗಳ ಸಂಪರ್ಕದಿಂದ ಹೊರಡುವ ಸಲಹೆ ಕೊಟ್ಟ. ವೈಟ್‌ಹೆಡ್ 1929ರ 'ಪ್ರೋಸೆಸ್ ಅಂಡ್ ರಿಯಾಲಿಟಿ'ಯಲ್ಲಿ ಆ ದಾರಿ ಹಿಡಿದು, ಎರಡು ಪ್ರದೇಶಗಳ ಸಂಪರ್ಕವನ್ನೇ ಮೂಲ ಕಲ್ಪನೆಯಾಗಿಟ್ಟು, ಅಂಚು ತಾಗದೆ ಒಳಗಿರುವುದನ್ನು ಅಂಚು ತಾಗಿ ಒಳಗಿರುವುದರಿಂದ ಬೇರ್ಪಡಿಸಿದ.

ಪೋಲೆಂಡಿನ ಟಾರ್‌ಸ್ಕಿ ಇದನ್ನು ಇನ್ನಷ್ಟು ಬಿಗಿಯಾಗಿ ಮಾಡಿದ. ಅವನು 1927ರಲ್ಲಿ ಮಂಡಿಸಿ 1929ರಲ್ಲಿ ಪ್ರಕಟಿಸಿದ ಘನಗಳ ರೇಖಾಗಣಿತದಲ್ಲಿ ಮೂಲ ಪದಗಳಾಗಿ ಬಳಸಿದ್ದು ಗೋಳ ಮತ್ತು ಒಂದು ಇನ್ನೊಂದರ ಭಾಗವಾಗಿರುವ ಸಂಬಂಧ. ಇವೆರಡರಿಂದ ತಾಗುವುದು ಎಂದರೇನು, ಏಕಕೇಂದ್ರವೆಂದರೇನು ಎಂದು ಒಂದೊಂದಾಗಿ ವ್ಯಾಖ್ಯಾನಿಸಿ, ಕೊನೆಗೆ ಒಂದು ಗೋಳದೊಂದಿಗೆ ಏಕಕೇಂದ್ರವಾದ ಎಲ್ಲ ಗೋಳಗಳ ಸಮೂಹವೇ ಬಿಂದು ಎಂದ. ಅಲ್ಲಿಂದ ಯೂಕ್ಲಿಡನ ರೇಖಾಗಣಿತವೆಲ್ಲ ಮತ್ತೆ ಸಿಗುತ್ತದೆ. ಆಗ ಟಾರ್‌ಸ್ಕಿಗೆ ಇಪ್ಪತ್ತಾರು ವರ್ಷ, ಹೆಚ್ಚುಕಡಿಮೆ ನಮ್ಮದೇ ವಯಸ್ಸು. ಅದಕ್ಕೆ ಮೂರು ವರ್ಷ ಮೊದಲು, 1924ರಲ್ಲಿ, ಇದೇ ಟಾರ್‌ಸ್ಕಿ ಬಾನಾಕ್ ಜೊತೆ ಸೇರಿ ಒಂದು ವಿಚಿತ್ರ ಪ್ರಮೇಯವನ್ನು ಸಾಧಿಸಿದ್ದ. ಗೋಳವನ್ನು ಬಿಂದುಗಳ ಗಣವೆಂದು ತೆಗೆದುಕೊಂಡರೆ, ಅದನ್ನು ಕೆಲವೇ ತುಂಡುಗಳಾಗಿ ಒಡೆದು, ತುಂಡುಗಳನ್ನು ಹಿಗ್ಗಿಸದೆ ಬರೀ ಸರಿಸಿ ತಿರುಗಿಸಿ, ಮೊದಲಿನ ಅಳತೆಯ ಎರಡು ಗೋಳಗಳನ್ನು ಜೋಡಿಸಬಹುದು! ಆ ತುಂಡುಗಳಿಗೆ ಗಾತ್ರವೆಂಬ ಅಳತೆಯನ್ನೇ ಕೊಡಲಾಗುವುದಿಲ್ಲ. ಇದರಿಂದಲೇ ಅವನು ಘನಗಳ ಕಡೆ ತಿರುಗಿದ ಎಂದು ನಾನು ಹೇಳುತ್ತಿಲ್ಲ. ಆದರೆ "ಬಿಂದುಗಳು ಸೇರಿ ವಸ್ತು ಆಗುತ್ತದೆ" ಎಂಬ ಮಾತನ್ನು ಆರನೆಯ ತರಗತಿಯಲ್ಲಿ ನಾವು ಎಷ್ಟು ಸಲೀಸಾಗಿ ಹೇಳಿಬಿಡುತ್ತೇವೆ ಎಂದು ಯೋಚಿಸಲು ಇಷ್ಟು ಸಾಕು.

ಟೋಪಾಲಜಿಯಲ್ಲೂ ಇದೇ ನಡೆದಿದೆ. ನಾವು ಓದುವಾಗ ಮೊದಲು ಬಿಂದುಗಳ ಗಣ, ಆಮೇಲೆ ಅದರಲ್ಲಿ ಯಾವ ಉಪಗಣಗಳು ವಿವೃತ ಎಂಬ ಆಯ್ಕೆ. ಬಿಂದುರಹಿತ ಟೋಪಾಲಜಿಯಲ್ಲಿ ವಿವೃತ ಪ್ರದೇಶಗಳೇ ಮೊದಲು. ಯಾವುದು ಯಾವುದರೊಳಗಿದೆ, ಎರಡರ ಸಾಮಾನ್ಯ ಭಾಗ ಯಾವುದು, ಎಷ್ಟೋ ಸೇರಿದರೆ ಆಗುವ ಒಟ್ಟು ಯಾವುದು ಎಂಬುದಷ್ಟೇ ಗೊತ್ತಿದ್ದರೆ ಸಾಕು. ಇಂಥ ರಚನೆಗೆ 'ಲೊಕೇಲ್' ಎನ್ನುತ್ತಾರೆ. ಒಂದೂ ಬಿಂದುವಿಲ್ಲದೆ, ಆದರೂ ಖಾಲಿಯಲ್ಲದೆ ಇರುವ ಲೊಕೇಲ್‌ಗಳೂ ಇವೆ. ಇಸ್ಬೆಲ್ 1972ರಲ್ಲಿ ಬರೆದ ಪ್ರಬಂಧ ಈ ವಿಷಯದಲ್ಲಿ ಪ್ರಸಿದ್ಧ. ಸಾಮಾನ್ಯ ಟೋಪಾಲಜಿಯಲ್ಲಿ 'ಆಯ್ಕೆಯ ಆಧಾರಪ್ರಮೇಯ' ಇಲ್ಲದೆ ಸಾಧಿಸಲಾಗದ ಟಿಖೊನೊವ್ ಪ್ರಮೇಯವನ್ನು ಲೊಕೇಲ್‌ಗಳಿಗೆ ಅದರ ನೆರವಿಲ್ಲದೆ ಸಾಧಿಸಬಹುದು ಎಂದು ಜಾನ್‌ಸ್ಟನ್ 1981ರಲ್ಲಿ ತೋರಿಸಿದ. 1983ರಲ್ಲಿ ಅವನೇ ಈ ವಿಷಯದ ಮೇಲೆ ಬರೆದ ಲೇಖನದ ಹೆಸರು 'ದಿ ಪಾಯಿಂಟ್ ಆಫ್ ಪಾಯಿಂಟ್‌ಲೆಸ್ ಟೋಪಾಲಜಿ'. ಇಂಗ್ಲಿಷಿನಲ್ಲಿ ಪಾಯಿಂಟ್‌ಲೆಸ್ ಎಂದರೆ ಬಿಂದುವಿಲ್ಲದ್ದು ಎಂದೂ ಆಗುತ್ತದೆ, ಅರ್ಥವಿಲ್ಲದ್ದು ಎಂದೂ ಆಗುತ್ತದೆ.

ಇದು ಪಂಡಿತರ ಮಾತಷ್ಟೇ ಅಲ್ಲ. 1992ರಲ್ಲಿ ರ್‍ಯಾಂಡೆಲ್, ಕೂಯ್ ಮತ್ತು ಕೋನ್ ಎಂಬುವರು ಪ್ರದೇಶಗಳ ಸಂಪರ್ಕವನ್ನೇ ಆಧಾರವಾಗಿಟ್ಟುಕೊಂಡು, ಎರಡು ಪ್ರದೇಶಗಳ ನಡುವೆ ಇರಬಹುದಾದ ಎಂಟು ಸಂಬಂಧಗಳನ್ನು ಗುರುತಿಸಿದರು: ದೂರವಿರುವುದು, ಅಂಚು ಮಾತ್ರ ತಾಗುವುದು, ಸ್ವಲ್ಪ ಒಂದರ ಮೇಲೊಂದು ಬರುವುದು, ಎರಡೂ ಒಂದೇ ಆಗಿರುವುದು, ಅಂಚು ತಾಗಿ ಒಳಗಿರುವುದು, ಅಂಚು ತಾಗದೆ ಒಳಗಿರುವುದು, ಕೊನೆಯ ಎರಡರ ತಿರುವುಮುರುವು. ಕಂಪ್ಯೂಟರಿಗೆ ನಕ್ಷೆಯ ತಿಳಿವಳಿಕೆ ಕಲಿಸುವವರಿಗೆ ಇದು ಕೆಲಸಕ್ಕೆ ಬರುತ್ತದೆ. ನಮ್ಮ ಮನೆಗಳಲ್ಲಿರುವ ಕ್ರಯಪತ್ರದ ಚಕ್ಕುಬಂದಿಯೂ ಇಂಥದ್ದೇ: ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ರಸ್ತೆ, ಉತ್ತರಕ್ಕೆ ಹಳ್ಳ, ದಕ್ಷಿಣಕ್ಕೆ ಇನ್ನೊಬ್ಬರ ತೋಟ. ಅಲ್ಲಿ ಒಂದು ಬಿಂದುವಿನ ಹೆಸರೂ ಇಲ್ಲ. ಯಾವ ಪ್ರದೇಶ ಯಾವುದನ್ನು ತಾಗುತ್ತದೆ ಎಂದಷ್ಟೇ ಹೇಳಿ ಹೊಲವನ್ನು ಗುರುತಿಸಿಯಾಯಿತು. ಹಳ್ಳಿಯ ಮಕ್ಕಳಿಗೆ ಇದು ಗೊತ್ತಿರುವ ರೇಖಾಗಣಿತ.

ಇಷ್ಟು ಓದಿಕೊಂಡ ಮೇಲೆ ಅದೇ ಪಾಠವನ್ನು ಇನ್ನೊಂದು ವಿಭಾಗದಲ್ಲಿ ತಿರುಗಿಸಿ ಮಾಡಿದೆ. ಸೀಮೆಸುಣ್ಣದ ಪೆಟ್ಟಿಗೆಯ ಒಂದು ಮುಖಕ್ಕೆ ಕೆಂಪು, ಪಕ್ಕದ ಮುಖಕ್ಕೆ ನೀಲಿ ಕಾಗದ ಅಂಟಿಸಿದ್ದೆ. ಎರಡೂ ಕೂಡುವ ಅಂಚು ಯಾವ ಬಣ್ಣ ಎಂದು ಕೇಳಿದೆ. ಕೆಂಪು ಎಂದರು ಕೆಲವರು, ನೀಲಿ ಎಂದರು ಕೆಲವರು. ಕಡೆಗೆ ಒಬ್ಬ ಹುಡುಗ, "ಅದು ಯಾವ ಬಣ್ಣಾನೂ ಅಲ್ಲ ಮಿಸ್, ಎರಡೂ ಮುಗಿಯೋ ಜಾಗ" ಎಂದ. ರೇಖೆಗೆ ಅಗಲವಿಲ್ಲ ಎಂಬುದನ್ನು ನಾನು ಹೇಳಬೇಕಾಗಲಿಲ್ಲ. ಮೂರು ಹೊಲಗಳ ನಕ್ಷೆ ಬರೆದು, ಮೂರೂ ಕೂಡುವ ಕಡೆ ನೆಟ್ಟ ಬಾಂದುಕಲ್ಲಿನಲ್ಲಿ ಯಾರ ಪಾಲು ಎಷ್ಟು ಎಂದು ಕೇಳಿದಾಗ ಜಗಳವೇ ಆಯಿತು. ಕಲ್ಲಿಗೆ ಗಾತ್ರವಿದೆ, ಆದರೆ ಹೊಲಗಳು ಕೂಡುವ ಜಾಗಕ್ಕಿಲ್ಲ ಎಂಬಲ್ಲಿಗೆ ಬಂದು ನಿಂತರು. ಅದಕ್ಕೆ ಬಿಂದು ಎಂಬ ಹೆಸರನ್ನು ಆಗ ಕೊಟ್ಟೆ.

ಈ ಕ್ರಮದ ಮೇಲೆ ಬರುವ ಆಕ್ಷೇಪಗಳು ನನಗೆ ಗೊತ್ತಿವೆ. ಮೊದಲನೆಯದು ಸಮಯ: ಒಂದು ಅವಧಿಯ ಪಾಠಕ್ಕೆ ನನಗೆ ಎರಡು ಅವಧಿ ಹಿಡಿಯಿತು. ಎರಡನೆಯದು, ಬಿಂದುವಿಲ್ಲದೆ ರಚನೆಗಳಿಲ್ಲ, ನಿರ್ದೇಶಾಂಕ ರೇಖಾಗಣಿತವಿಲ್ಲ. ಒಪ್ಪುತ್ತೇನೆ. ಬಿಂದುವನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ. ಅದು ಎಲ್ಲಿಂದ ಬಂತೆಂದು ತೋರಿಸಿ, ಆಮೇಲೆ ಧಾರಾಳವಾಗಿ ಬಳಸಿ ಎನ್ನುತ್ತಿದ್ದೇನೆ. ಮೂರನೆಯದು, ಟಾರ್‌ಸ್ಕಿಯ ವ್ಯಾಖ್ಯೆಗಳು ಯೂಕ್ಲಿಡನದಕ್ಕಿಂತ ಕಷ್ಟ. ನಿಜ, ಅವನ್ನು ಶಾಲೆಗೆ ತರಬೇಕಾಗಿಲ್ಲ. ಘನದಿಂದ ಹೊರಟರೆ ಗಣಿತ ಕೆಡುವುದಿಲ್ಲ ಎಂಬ ಧೈರ್ಯ ಶಿಕ್ಷಕರಿಗೆ ಬಂದರೆ ಸಾಕು. ನಾಲ್ಕನೆಯದು, ಒಂದು ತರಗತಿಯ ಅನುಭವ ಪುರಾವೆಯಲ್ಲ. ಅದೂ ಸರಿ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಇನ್ನಷ್ಟು ಮಂದಿ ಮಾಡಿ ನೋಡಲಿ.

ನಾವು ದಿನಾ ಅಂಗಳದಲ್ಲಿ ಚುಕ್ಕಿಯಿಂದಲೇ ರಂಗೋಲಿ ಶುರು ಮಾಡುತ್ತೇವಲ್ಲ ಎಂದು ಸಹಪಾಠಿಯೊಬ್ಬಳು ಕೇಳಿದಳು. ಒಳ್ಳೆಯ ಮಾತು. ಆದರೆ ರಂಗೋಲಿಯ ಎಳೆ ಚುಕ್ಕಿಗಳನ್ನು ಒತ್ತೊತ್ತಾಗಿ ಇಟ್ಟು ಆದದ್ದಲ್ಲ. ಚುಕ್ಕಿ ಎಳೆ ಎಲ್ಲಿ ಹೋಗಬೇಕೆಂದು ಹೇಳುತ್ತದೆ. ಎಳೆಯನ್ನು ಬೆರಳು ಒಂದೇ ಓಟದಲ್ಲಿ ಎಳೆಯುತ್ತದೆ. ಬಿಂದುವಿಗೂ ರೇಖೆಗೂ ಇರುವ ಸಂಬಂಧವನ್ನು ಮಕ್ಕಳಿಗೆ ಹೇಳಲು ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಸಿಕ್ಕಿಲ್ಲ.

ಮುಂದಿನ ತಂಡದ ಪ್ರಶಿಕ್ಷಣಾರ್ಥಿಗಳಲ್ಲಿ ನನ್ನ ಕೋರಿಕೆ ಇಷ್ಟೇ. "ಬಿಂದುಗಳು ಸೇರಿದರೆ ರೇಖೆ" ಎಂಬ ವಾಕ್ಯವನ್ನು ಪಾಠಯೋಜನೆಯಿಂದ ತೆಗೆಯಿರಿ. "ರೇಖೆಯನ್ನು ಎಲ್ಲಿ ಕತ್ತರಿಸಿದರೂ ಅಲ್ಲೊಂದು ಬಿಂದು" ಎಂದು ಬರೆಯಿರಿ. ಮಾರ್ಗದರ್ಶಕರಲ್ಲಿಯೂ ಒಂದು ವಿನಂತಿ: ವೀಕ್ಷಣಾ ಪುಸ್ತಕದಲ್ಲಿ, ಮಕ್ಕಳು ಕೇಳಿದ, ನಮಗೆ ಉತ್ತರಿಸಲಾಗದ ಪ್ರಶ್ನೆಗೆ ಒಂದು ಕಾಲಂ ಇರಲಿ. ಹಾಗಿದ್ದಿದ್ದರೆ ಅಂದು ನನಗೆ "ಉತ್ತಮ" ಸಿಗುತ್ತಿರಲಿಲ್ಲ, ಸಿಗಬಾರದಾಗಿತ್ತು.

ಬೋಧನಾಭ್ಯಾಸದ ಕೊನೆಯ ದಿನ ಆ ಹುಡುಗಿಯನ್ನು ಕರೆದು, ನಾನು ಅಂದು ಹೇಳಿದ್ದು ತಪ್ಪು, ನೀನು ಕೇಳಿದ್ದು ಎರಡು ಸಾವಿರ ವರ್ಷಕ್ಕೂ ಹಳೆಯ ಪ್ರಶ್ನೆ ಎಂದೆ. ಕತ್ತರಿಸಿದ ಕಡೆ ಬಿಂದು ಎಂಬುದನ್ನು ದಾರದ ಮೇಲೆ ತೋರಿಸಿದೆ. ಸ್ವಲ್ಪ ಹೊತ್ತು ದಾರವನ್ನೇ ನೋಡಿ, "ಹಾಗಾದ್ರೆ ಕತ್ತರಿಸೋಕೆ ಮುಂಚೆ ಅದು ಅಲ್ಲಿ ಇರಲ್ವಾ ಮಿಸ್?" ಎಂದಳು.

ದೊಡ್ಡ ಕ್ಲಾಸಿಗೆ ಹೋಗು ಎಂದು ಈ ಸಲ ಹೇಳಲಿಲ್ಲ. ದೊಡ್ಡವರಲ್ಲೇ ಈ ಬಗ್ಗೆ ಎರಡು ಅಭಿಪ್ರಾಯ ಇದೆ, ನಿನಗೆ ಏನನ್ನಿಸುತ್ತೆ ಹೇಳು ಎಂದೆ. ಗಂಟೆ ಬಾರಿಸಿದರೂ ಅವಳು ಹೇಳುತ್ತಲೇ ಇದ್ದಳು.